ದೋಣಿಯಲ್ಲಿ ಕುಳಿತು ಹಕ್ಕಿಗಳ ಊರಿಗೆ

ಅಲಾಸ್ಕಾದ ಕರಾವಳಿಯಲ್ಲಿ ಹಿಮನದಿಗಳ ಮಗ್ಗುಲಿಗೆ ಹಡಗಿನಲ್ಲಿ ಸಾಗಿ ತಿಮಿಂಗಿಲಗಳನ್ನು ನೋಡಿಬರುವವರಿದ್ದಾರೆ. ಆ ವೆಚ್ಚ ನಮ್ಮ ಸಂಸಾರಗಳಿಗೆ ಎಟುಕದು. ಆದರೆ ಅಲಖನೂರಿನ ಕಡೆಯಿಂದ ಮೈಸೂರಿಗೆ ಹೋಗುವ ಬಂಧುಗಳು ಅರಮನೆ, ಬೃಂದಾವನಗಳ ಜೊತೆಗೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೂ ಅರ್ಧ ದಿನ ಮೀಸಲಿಡಬೇಕೆಂದು ನಾವು ಬಯಸುತ್ತೇವೆ.

ಕಾವೇರಿಯ ನಡುವಿನ ಈ ನಡುಗಡ್ಡೆಗಳು ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದವು. 2022ರಲ್ಲಿ ಕರ್ನಾಟಕದ ಮೊದಲ ರಾಮ್‌ಸರ್ ತಾಣವೆನಿಸಿದವು. ಅಂಬಿಗನು ಹುಟ್ಟು ಹಾಕುತ್ತ ದೋಣಿಯನ್ನು ಮರಗಳ ಸಮೀಪಕ್ಕೆ ಒಯ್ಯುತ್ತಾನೆ. ಗೂಡಿನಲ್ಲಿ ಮರಿಗಳಿಗೆ ಮೀನು ಕಕ್ಕುವ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದಂಥ ಕೊಕ್ಕಿನ ಹಕ್ಕಿ, ಹೆಜ್ಜಾರ್ಲೆ, ಎಲ್ಲವೂ ಬರಿಗಣ್ಣಿಗೇ ಕಾಣುತ್ತವೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯನ್ನು ಮಕ್ಕಳು ಕಲ್ಲೆಂದೇ ತಿಳಿಯುವುದುಂಟು! ಕೃಷ್ಣೆಯ ದಂಡೆಯ ನಮ್ಮ ಜನಕ್ಕೆ ಅದು ಹೊಸತಲ್ಲ. ಆದರೂ ನೀರಿಗೆ ಕೈ ಇಳಿಬಿಡದಂತೆ ಮಕ್ಕಳಿಗೆ ಹೇಳಿಡಬೇಕು.

ನಮ್ಮ ಮನಸ್ಸನ್ನು ಕಲಕುವುದು ನದಿ ರೀವದ ಬಾಳು. ಬೇಸಿಗೆಯಲ್ಲಿ ನೀರು ಇಳಿದಾಗ ಈ ಹಕ್ಕಿ ಬರಿಯ ಬಂಡೆಯ ಮೇಲೆಯೇ ಮೊಟ್ಟೆಯಿಡುತ್ತದೆ. ಮೇಲ್ಭಾಗದ ಕೃಷ್ಣರಾಜಸಾಗರದಿಂದ ಒಮ್ಮೆಲೆ ನೀರು ಬಿಟ್ಟರೆ ಮೊಟ್ಟೆಗಳು ಕೊಚ್ಚಿಹೋಗುತ್ತವೆ. ಕೆಳಗಿನ ರೈತನಿಗೂ ಆ ನೀರೇ ಬೇಕು. ಯಾರನ್ನು ದೂಷಿಸೋಣ? ಹಂತ ಹಂತವಾಗಿ ಬಿಡುವ ವಿವೇಕವೊಂದಿದ್ದರೆ ಕೆಲವಾದರೂ ಉಳಿದಾವು.

ಗೂಡುಗಳ ಸಂಭ್ರಮ ಜನವರಿಯಿಂದ ಮೇ ತಿಂಗಳವರೆಗೆ ಹೆಚ್ಚು. ಮಳೆಗಾಲದಲ್ಲಿ ಹೊಳೆ ತುಂಬಿದಾಗ ದೋಣಿ ನಿಲ್ಲಿಸುತ್ತಾರೆ. ವಿಚಾರಿಸಿಕೊಂಡೇ ಹೊರಡುವುದು ಲೇಸು.