ಗಾಮನ ಹಡಗಿನಲ್ಲಿ ಇನ್ನೊಬ್ಬನಿದ್ದ

ಕರ್ನಾಟಕದ ಹತ್ತನೇ ತರಗತಿಯಲ್ಲಿ ಇತಿಹಾಸ ಶುರುವಾಗುವುದೇ ಭಾರತಕ್ಕೆ ಯುರೋಪಿಯನ್ನರ ಆಗಮನದಿಂದ. ಅಲ್ಲಿಂದ ಹುಟ್ಟುವ ಒಂದು ಅಂಕದ ಪ್ರಶ್ನೆ ಯಾವ ಮಗುವಿಗೂ ಬಾಯಿಪಾಠ: ಭಾರತಕ್ಕೆ ಜಲಮಾರ್ಗ ಕಂಡುಹಿಡಿದವರು ಯಾರು? ವಾಸ್ಕೋ ಡ ಗಾಮ, 1498. ಉತ್ತರ ಸರಿ, ಅಂಕವೂ ಸಿಗುತ್ತದೆ. ಆದರೆ ಅದನ್ನು ಬರೆಯುವ ಮಗುವಿನ ಕಣ್ಣ ಮುಂದೆ ಮೂಡುವ ಚಿತ್ರ ಎಂಥದ್ದು? ಗಡ್ಡಧಾರಿ ನಾವಿಕನೊಬ್ಬ, ಅವನ ಮುಂದೆ ಯಾರೂ ಸುಳಿಯದ ಕಡಲು, ಕೊನೆಗೆ ಇವನ ದಾರಿಯನ್ನೇ ಕಾಯುತ್ತ ಕೂತಂತಿರುವ ಒಂದು ದಡ. ಈ ಚಿತ್ರದ ಮುಕ್ಕಾಲು ಪಾಲು ತಪ್ಪು. ಹಾಗೆಂದು ಗಾಮ ಮಹಾ ಏನೂ ಸಾಧಿಸಲಿಲ್ಲ ಎನ್ನುವ ಈಚಿನ ಮಾತೂ ಅಷ್ಟೇ ತಪ್ಪು. ಅವನು ಸಾಧಿಸಿದ್ದು ಒಂದು ಕಡಲಿನಲ್ಲಿ, ನಾವು ಚಪ್ಪಾಳೆ ತಟ್ಟುತ್ತಿರುವುದು ಇನ್ನೊಂದು ಕಡಲಿಗೆ.

ಭೂಪಟದ ಮೇಲೆ ಆ ದಾರಿಯನ್ನು ಮಕ್ಕಳಿಂದ ಎರಡು ತುಂಡು ಮಾಡಿಸಿ ನೋಡಿ. ಲಿಸ್ಬನ್‌ನಿಂದ ಪೂರ್ವ ಆಫ್ರಿಕಾದ ತನಕ ಮೊದಲನೆಯದು. ಅಲ್ಲಿನ ಮಾಲಿಂದಿ ಬಂದರಿನಿಂದ ಕಲ್ಲಿಕೋಟೆಗೆ ಎರಡನೆಯದು.

1497ರ ಜುಲೈ 8ರಂದು ನಾಲ್ಕು ಹಡಗು, ಸುಮಾರು 170 ಜನರೊಂದಿಗೆ ಗಾಮ ಹೊರಟ. ಆಫ್ರಿಕಾದ ದಡ ಹಿಡಿದು ತೆವಳುತ್ತ ಹೋಗಿದ್ದರೆ ಎದುರುಗಾಳಿ, ಎದುರು ಪ್ರವಾಹ. ಅದಕ್ಕಾಗಿ ಅವನು ಕೇಪ್ ವರ್ಡೆ ದ್ವೀಪಗಳಿಂದ ಹಡಗುಗಳನ್ನು ನಡುಗಡಲಿಗೇ ತಿರುಗಿಸಿದ. ಅಟ್ಲಾಂಟಿಕ್‌ನಲ್ಲಿ ಪಶ್ಚಿಮಕ್ಕೆ ಬಾಗಿದ ದೊಡ್ಡ ಬಿಲ್ಲಿನಂತೆ ಸಾಗಿ, ದಕ್ಷಿಣದಲ್ಲಿ ಪಡುಗಾಳಿ ಸಿಕ್ಕ ಮೇಲೆ ಪೂರ್ವಕ್ಕೆ ಹೊರಳಿ, ನವೆಂಬರ್ ಮೊದಲ ವಾರ ಆಫ್ರಿಕಾದ ದಕ್ಷಿಣ ಭಾಗವನ್ನು ಕಂಡ. ಮೂರು ತಿಂಗಳು ನೆಲ ಕಾಣದ ಪಯಣ. ಕೊಲಂಬಸ್ 1492ರಲ್ಲಿ ಕ್ಯಾನರಿ ದ್ವೀಪ ಬಿಟ್ಟವನು 36 ದಿನಕ್ಕೆಲ್ಲ ನೆಲ ಕಂಡಿದ್ದ. ಗಾಮನಿಗಿಂತ ಮೊದಲು, 1488ರಲ್ಲೇ, ಬಾರ್ತಲೋಮಿಯು ಡಯಾಸ್ ಆಫ್ರಿಕಾದ ತುದಿ ಬಳಸಿ ಬಂದಿದ್ದ, ನಿಜ. ಆದರೂ ಈ ಮೂರು ತಿಂಗಳ ಲೆಕ್ಕಾಚಾರ, ಎದೆಗಾರಿಕೆ ಯಾವ ಮಾನದಂಡದಲ್ಲೂ ಸಣ್ಣದಲ್ಲ. ನಮ್ಮ ತರಗತಿಗಳಲ್ಲಿ ಈ ಭಾಗಕ್ಕೆ ಒಂದು ವಾಕ್ಯವೂ ಸಿಗುವುದಿಲ್ಲ ಎನ್ನುವುದೇ ತಮಾಷೆ.

ಇನ್ನು ಎರಡನೆಯ ತುಂಡು. 1498ರ ಏಪ್ರಿಲ್‌ನಲ್ಲಿ ಮಾಲಿಂದಿಯ ದೊರೆ ಗಾಮನಿಗೆ ಒಬ್ಬ ಮಾರ್ಗದರ್ಶಕನನ್ನು ಕೊಟ್ಟ. ಕಡಲು ದಾಟಲು ಹಿಡಿದದ್ದು 23 ದಿನ. ಮೇ 20ರಂದು ಕಲ್ಲಿಕೋಟೆಯ ಹತ್ತಿರ ಲಂಗರು ಬಿತ್ತು. ಅರಬರು, ಗುಜರಾತಿಗಳು, ಸ್ವಾಹಿಲಿ ಕರಾವಳಿಯವರು ತಲೆಮಾರುಗಳಿಂದ ಓಡಾಡುತ್ತಿದ್ದ ದಾರಿ ಅದು. ಹೊಸ ಊರಿಗೆ ಬಂದವನೊಬ್ಬ ದಿನವೂ ಓಡುವ ಬಸ್ಸು ಹತ್ತಿ ಕೂತಂತೆ ಗಾಮ ಈ ಭಾಗವನ್ನು ಕ್ರಮಿಸಿದ. ಆ ಮಾರ್ಗದರ್ಶಕ ಯಾರು? ಅರಬ್ ನೌಕಾಶಾಸ್ತ್ರಜ್ಞ ಇಬ್ನ್ ಮಾಜಿದ್ ಎಂದು ಎಷ್ಟೋ ಪುಸ್ತಕಗಳು ಬರೆದಿವೆ. ಇಂದಿನ ಹೆಚ್ಚಿನ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಕಛ್‌ನ ಕಾನ್‌ಜಿ ಮಾಲಮ್ ಎನ್ನುವ ಹೆಸರೂ ಓಡಾಡುತ್ತದೆ. ಪೋರ್ಚುಗೀಸ್ ಚರಿತ್ರಕಾರರು ಆ ಮಾರ್ಗದರ್ಶಕನನ್ನು ಗುಜರಾತಿನವನೆಂದು ಬರೆದಿದ್ದಾರೆ. ಹೆಸರಿನ ಜಗಳ ದೊಡ್ಡವರಿಗಿರಲಿ, ಮಕ್ಕಳಿಗೆ ಅಂಥವನೊಬ್ಬ ಹಡಗಿನಲ್ಲಿದ್ದ ಎನ್ನುವುದಾದರೂ ತಿಳಿಯಲಿ.

ಅವನು ಹೊತ್ತು ತಂದ ವಿದ್ಯೆಯ ಬೆಲೆ ಎಷ್ಟೆಂಬುದು ಗಾಮ ವಾಪಸು ಹೊರಟಾಗ ಗೊತ್ತಾಯಿತು. ಕಲ್ಲಿಕೋಟೆಯಲ್ಲಿ ಅಲ್ಲಿನ ದೊರೆ ಸಾಮೂದಿರಿಯ ಕಡೆಯವರೊಂದಿಗೆ ಮನಸ್ತಾಪವಾಗಿ ಆಗಸ್ಟ್ ಕೊನೆಗೆ ಹಾಯಿ ಬಿಚ್ಚಿದ. ದಾರಿಯಲ್ಲಿ ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ ತಂಗಿ ಹಡಗು ದುರಸ್ತಿ ಮಾಡಿಸಿಕೊಂಡ. ಈಶಾನ್ಯದ ಗಾಳಿ ಇನ್ನೂ ಕಟ್ಟಿಕೊಳ್ಳುವ ಮೊದಲೇ, ಅಕ್ಟೋಬರ್ ಮೊದಲ ವಾರ, ಅಲ್ಲಿಂದ ಹೊರಟುಬಿಟ್ಟ. ಬರುವಾಗ 23 ದಿನದಲ್ಲಿ ದಾಟಿದ ಕಡಲು ಹೋಗುವಾಗ ಮೂರು ತಿಂಗಳು ನುಂಗಿತು. ಒಸಡು ಬಾತು ಕೊಳೆಯುವ ಸ್ಕರ್ವಿ ರೋಗಕ್ಕೆ ಮೂವತ್ತರಷ್ಟು ಜನ ಸತ್ತರು. ನಡೆಸಲು ಕೈಗಳಿಲ್ಲದೆ ಒಂದು ಹಡಗನ್ನು ಸುಟ್ಟುಹಾಕಬೇಕಾಯಿತು.

ಕಡಲು ಅದೇ, ಹಡಗು ಅವೇ. ಹೋಗಿ ಬರುವುದರಲ್ಲಿ ಇಷ್ಟು ಅಂತರ ಯಾಕೆ? ಈ ಪ್ರಶ್ನೆಯನ್ನು ಮಲ್ಪೆಯದೋ ಹೊನ್ನಾವರದ್ದೋ ಶಾಲೆಯಲ್ಲಿ ಕೇಳಿದರೆ ಪುಸ್ತಕ ತೆರೆಯುವ ಅಗತ್ಯವೇ ಬೀಳುವುದಿಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಯಾಕೆ ದಡದಲ್ಲಿರುತ್ತವೆ, ನೂಲ ಹುಣ್ಣಿಮೆಯ ಸಮುದ್ರಪೂಜೆ ಯಾಕೆ ಎಂಬುದನ್ನು ಬಲ್ಲ ಮಕ್ಕಳು ಅವು. ಗಾಳಿ ಅರ್ಧ ವರ್ಷ ಒಂದು ಕಡೆಗೆ, ಇನ್ನರ್ಧ ಎದುರು ಕಡೆಗೆ ಬೀಸುತ್ತದೆ ಎನ್ನುವುದೇ ಹಿಂದೂ ಮಹಾಸಾಗರದ ವ್ಯಾಪಾರದ ಮೂಲ ಸೂತ್ರ. ಇದನ್ನು ಕ್ರಿಸ್ತಶಕ ಮೊದಲ ಶತಮಾನದ ಗ್ರೀಕ್ ನಾವಿಕರೂ ಅರಿತಿದ್ದರು.

ಗಾಮನಿಂದಲೇ ಭಾರತ ಹೊರಜಗತ್ತಿಗೆ ತೆರೆದುಕೊಂಡಿತು ಎನ್ನುವುದು ಮತ್ತೊಂದು ನಂಬಿಕೆ. ಅವನು ದಡಕ್ಕೆ ಕಳಿಸಿದ ಮೊದಲ ಮನುಷ್ಯನನ್ನು ಎದುರುಗೊಂಡವರು ಟ್ಯುನಿಸ್‌ನ ಇಬ್ಬರು ಮುಸ್ಲಿಂ ವ್ಯಾಪಾರಿಗಳು, ಅದೂ ಸ್ಪೇನಿನ ಮಾತಿನಲ್ಲಿ! ‘ಇಲ್ಲಿಗೆ ಯಾಕೆ ಬಂದೆ’ ಎಂದು ಬೈದೇ ಮಾತಾಡಿಸಿದರಂತೆ. ಗಾಮ ಸಾಮೂದಿರಿಗೆಂದು ತೆಗೆದಿಟ್ಟ ಕಾಣಿಕೆ ಒಂದಿಷ್ಟು ಬಟ್ಟೆ, ಆರು ಟೋಪಿ, ಆರು ಬೋಗುಣಿ, ಹವಳದ ಸರ, ಸಕ್ಕರೆ, ಎಣ್ಣೆ, ಜೇನು. ಅರಮನೆಯ ಅಧಿಕಾರಿಗಳು ನಕ್ಕುಬಿಟ್ಟರು. ಮೆಕ್ಕಾದ ಕಡುಬಡವ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ ಎಂದರು. ಇದು ಹಡಗಿನಲ್ಲೇ ಇದ್ದವನೊಬ್ಬ ಬರೆದಿಟ್ಟ ದಿನಚರಿಯ ಸಂಗತಿ. ಆ ದಿನಚರಿ ಉಳಿದು ಬಂದಿದೆ.

ನಮ್ಮ ಕರಾವಳಿಯನ್ನೇ ತೆಗೆದುಕೊಳ್ಳಿ. ಟ್ಯುನೀಶಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಅವನ ಪತ್ರಗಳು ಕೈರೋದಲ್ಲಿ ಸಿಕ್ಕಿವೆ. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ಇವೆಯೆಂದು ಬರೆದ. ಶಾಲೆಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ವಿವರ ಬೇಕೆ? 1443ರಲ್ಲಿ ಅಬ್ದುಲ್ ರಜಾಕ್ ಮಂಗಳೂರಿನ ಮೂಲಕವೇ ವಿಜಯನಗರಕ್ಕೆ ಹೋದ. ಇಟಲಿಯ ನಿಕೊಲೊ ಕೊಂಟಿ ವಿಜಯನಗರವನ್ನೂ, ರಷ್ಯಾದ ಅಫನಾಸಿ ನಿಕಿತಿನ್ ಬೀದರನ್ನೂ ಗಾಮನಿಗಿಂತ ಮೊದಲೇ ನೋಡಿದ್ದರು. ಅಷ್ಟೇಕೆ, ಕಲ್ಲಿಕೋಟೆಗೆ ಬಂದ ಮೊದಲ ಪೋರ್ಚುಗೀಸನೂ ಗಾಮ ಅಲ್ಲ. ಪೋರ್ಚುಗಲ್ಲಿನ ದೊರೆ ಕಳಿಸಿದ ಗೂಢಚಾರ ಪೆರೊ ಡ ಕೊವಿಲ್ಯಾ ಹತ್ತು ವರ್ಷ ಮುಂಚೆಯೇ ಕೆಂಪು ಸಮುದ್ರದ ದಾರಿಯಲ್ಲಿ, ವ್ಯಾಪಾರಿಗಳ ಹಡಗು ಹತ್ತಿ ಬಂದಿದ್ದ.

ಪಾಠದ ಇನ್ನೊಂದು ಕಂಬ 1453. ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು, ವ್ಯಾಪಾರದ ದಾರಿ ಮುಚ್ಚಿತು, ಯುರೋಪಿನವರು ಹೊಸ ದಾರಿ ಹುಡುಕಿದರು. ಬರೆಯಲು ಸಲೀಸು, ಕಾಲಾನುಕ್ರಮಕ್ಕೆ ಕೂರದು. ಪೋರ್ಚುಗೀಸರು ಆಫ್ರಿಕಾದ ಸ್ಯೂಟಾ ಹಿಡಿದದ್ದು 1415ರಲ್ಲಿ, ಬೊಜದೋರ್ ಭೂಶಿರ ದಾಟಿದ್ದು 1434ರಲ್ಲಿ. ಮೆಣಸು ಯುರೋಪಿಗೆ ಹೋಗುತ್ತಿದ್ದದ್ದು ಬಹುಪಾಲು ಈಜಿಪ್ಟಿನ ಅಲೆಕ್ಸಾಂಡ್ರಿಯಾದಿಂದ, ಸಿರಿಯಾ ಕರಾವಳಿಯ ಬೇರೂತ್‌ನಿಂದ, ವೆನಿಸ್‌ನವರ ಹಡಗುಗಳಲ್ಲಿ. ಈಜಿಪ್ಟ್ ತುರ್ಕರ ಕೈಸೇರಿದ್ದು 1517ರಲ್ಲಿ. ಗಾಮ ಬಂದಾಗ ಅಲ್ಲಿ ಆಳುತ್ತಿದ್ದವರು ಮಮ್ಲೂಕರು, ಮತ್ತು ವ್ಯಾಪಾರ ನಡೆದೇ ಇತ್ತು. ಆ ವ್ಯಾಪಾರದ ಲಾಭ ಮಮ್ಲೂಕರಿಗೂ ವೆನಿಸ್‌ಗೂ ಹೋಗುತ್ತದೆ, ತಮಗಿಲ್ಲ ಎನ್ನುವುದು ಪೋರ್ಚುಗೀಸರ ತಕರಾರು. (ಕೆಟ್ಟ ಮಾಂಸದ ವಾಸನೆ ಮುಚ್ಚಲು ಯುರೋಪಿಗೆ ಮೆಣಸು ಬೇಕಿತ್ತು ಎನ್ನುವ ಕತೆಯನ್ನೂ ಇಲ್ಲೇ ಬಿಡಬಹುದು. ಮೆಣಸು ಕೊಳ್ಳುವಷ್ಟು ಹಣವಿದ್ದವನು ತಾಜಾ ಮಾಂಸ ಕೊಳ್ಳಲಾರನೇ?)

ಕೊಲಂಬಸ್‌ನ ಬಗ್ಗೆ ಮಕ್ಕಳ ಪುಸ್ತಕಗಳಲ್ಲಿ ಬಾಳಿಕೆ ಬಂದ ಕತೆ ಭೂಮಿಯ ಆಕಾರದ್ದು: ಎಲ್ಲರೂ ಭೂಮಿ ಚಪ್ಪಟೆ ಎನ್ನುತ್ತಿದ್ದರು, ಅವನೊಬ್ಬ ಗುಂಡಗಿದೆ ಎಂದ. ಓದುಬರಹ ಬಲ್ಲ ಯುರೋಪಿನವರಿಗೆ ಭೂಮಿ ಗುಂಡಗಿರುವುದು ಶತಮಾನಗಳಿಂದ ಗೊತ್ತಿತ್ತು. ಗ್ರೀಕರ ಎರಟೋಸ್ಥೆನೀಸ್ ಕ್ರಿಸ್ತಪೂರ್ವದಲ್ಲೇ ಅದರ ಸುತ್ತಳತೆ ಲೆಕ್ಕ ಹಾಕಿದ್ದ. ನಮ್ಮ ಆರ್ಯಭಟನಿಗೂ ಭೂಮಿ ಗೋಲವೇ. ಸ್ಪೇನಿನ ಪಂಡಿತರ ಆಕ್ಷೇಪ ಇದ್ದದ್ದು ಕೊಲಂಬಸ್‌ನ ದೂರದ ಲೆಕ್ಕದ ಮೇಲೆ. ಅರಬರ ಮೈಲಿಯಲ್ಲಿದ್ದ ಅಳತೆಯನ್ನು ಅವನು ಚಿಕ್ಕದಾದ ರೋಮನ್ ಮೈಲಿ ಎಂದು ಹಿಡಿದ, ಏಷ್ಯಾವನ್ನು ಪೂರ್ವಕ್ಕೆ ಎಳೆದೆಳೆದು ಉದ್ದ ಮಾಡಿದ. ಕ್ಯಾನರಿಯಿಂದ ಜಪಾನಿಗೆ ಐದು ಸಾವಿರ ಕಿಲೋಮೀಟರಿಗಿಂತ ಕಡಿಮೆ ಎಂದುಕೊಂಡ. ನಿಜವಾದ ದೂರ ಸುಮಾರು ಅದರ ನಾಲ್ಕರಷ್ಟು. ಪಂಡಿತರೇ ಸರಿ, ಅವನು ತಪ್ಪು. ನಡುವೆ ಯಾರೂ ಎಣಿಸದ ಒಂದು ಖಂಡ ಅಡ್ಡ ಬಂದದ್ದರಿಂದ ಬದುಕಿಕೊಂಡ. ಚಪ್ಪಟೆ ಭೂಮಿಯ ಕತೆಯನ್ನು ಜನಪ್ರಿಯಗೊಳಿಸಿದ್ದು ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ 1828ರಲ್ಲಿ ಬರೆದ ಜೀವನಚರಿತ್ರೆ. ಗಣಿತದ ಮೇಷ್ಟರಿಗೆ ಈ ಪಾಠವನ್ನು ಒಂದು ದಿನ ಬಿಟ್ಟುಕೊಡಬಹುದು. ಮಾನಕ ಬದಲಾದರೆ ಏನಾಗುತ್ತದೆ ಎನ್ನುವುದಕ್ಕೆ ಇಷ್ಟು ದೊಡ್ಡ ಉದಾಹರಣೆ ಬೇರೆ ಸಿಗದು.

ಭೂಮಿಯನ್ನು ಮೊದಲು ಸುತ್ತಿದವನೆಂದು ರಸಪ್ರಶ್ನೆಗಳು ಹೇಳುವ ಮೆಗಲಾನ್‌ಗೆ ಎರಡು ಮಾತು ಸಾಕು. ಐದು ಹಡಗುಗಳೊಂದಿಗೆ 1519ರಲ್ಲಿ ಸ್ಪೇನಿನಿಂದ ಹೊರಟ ಅವನು 1521ರ ಏಪ್ರಿಲ್ 27ರಂದು ಫಿಲಿಪ್ಪೀನ್ಸ್‌ನ ಮಕ್ತಾನ್ ದ್ವೀಪದ ಕಾಳಗದಲ್ಲಿ ಸತ್ತ. ಉಳಿದ ಒಂದೇ ಹಡಗು, 18 ಜನರನ್ನು 1522ರಲ್ಲಿ ಸ್ಪೇನಿಗೆ ಮುಟ್ಟಿಸಿದವನು ಎಲ್ಕಾನೊ.

ಈ ನಾವಿಕರ ಕ್ರೌರ್ಯವನ್ನು ಮಕ್ಕಳಿಗೆ ಹೇಳಬೇಕೆ ಎಂದು ಕೆಲವು ಶಿಕ್ಷಕರು ಅನುಮಾನಿಸುತ್ತಾರೆ. ನಾಲ್ಕನೇ ತರಗತಿಗೆ ಗಾಳಿ, ನಕ್ಷೆ, ಸ್ಕರ್ವಿ, ಟೋಪಿ-ಬೋಗುಣಿ ಸಾಕು. ಪ್ರೌಢಶಾಲೆಗೆ ಬಂದವರಿಗೆ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಎರಡನೇ ಯಾನದಲ್ಲಿ, 1502ರಲ್ಲಿ, ಗಾಮ ಮೆಕ್ಕಾ ಯಾತ್ರೆ ಮುಗಿಸಿ ಬರುತ್ತಿದ್ದ ಹಡಗೊಂದನ್ನು ಹಿಡಿದು, ಹೆಂಗಸರು ಮಕ್ಕಳೂ ಇದ್ದ ನೂರಾರು ಜನರ ಸಮೇತ ಸುಡಿಸಿದ. ಇದನ್ನು ದಾಖಲಿಸಿದವರಲ್ಲಿ ಅವನ ಕಡೆಯವರೇ ಇದ್ದಾರೆ.

ಗಾಮ ಒಂದು ಪಾಠದಲ್ಲಿ, ಉಳ್ಳಾಲದ ಅಬ್ಬಕ್ಕ ಇನ್ನೆಲ್ಲೋ. ಇಬ್ಬರ ನಡುವಿನ ಕೊಂಡಿ ಕಾಣದೆ ಮಕ್ಕಳು ಎರಡನ್ನೂ ಬೇರೆಬೇರೆ ಉರುಹೊಡೆಯುತ್ತಾರೆ. ಆ ಕೊಂಡಿ ಒಂದು ಕಾಗದ. ಯಾರು ಬೇಕಾದರೂ ಸುಂಕ ಕೊಟ್ಟು ವ್ಯಾಪಾರ ಮಾಡುತ್ತಿದ್ದ ಕಡಲಿನಲ್ಲಿ ಪೋರ್ಚುಗೀಸರು ‘ಕಾರ್ತಾಜ್’ ಎಂಬ ರಹದಾರಿ ಪತ್ರ ತಂದರು. ಅದಿಲ್ಲದ ಹಡಗನ್ನು ಸರಕು ಸಮೇತ ವಶಪಡಿಸಿಕೊಳ್ಳುತ್ತಿದ್ದರು. ಅಕ್ಕಿ, ಮೆಣಸು ಹೊತ್ತು ಹೊರಡುವ ತುಳುನಾಡಿನ ಹಡಗುಗಳಿಗೂ ಅದೇ ಕಟ್ಟಳೆ. ಉಳ್ಳಾಲದ ರಾಣಿ ಅವರಿಗೆ ಕಪ್ಪ ಕೊಡಲು ಒಪ್ಪಲಿಲ್ಲ. 1568ರಲ್ಲಿ ಪೋರ್ಚುಗೀಸ್ ಪಡೆ ಉಳ್ಳಾಲದ ಮೇಲೆ ಏರಿ ಬಂತು.