ಸಾರ್ವಜನಿಕ ಆರೋಗ್ಯ ಪದವಿ: ಹೂಡಿಕೆ ಮತ್ತು ಪ್ರತಿಫಲ

ಹೊಸ ಯಂತ್ರವೊಂದನ್ನು ತರಿಸುವ ಮುನ್ನ ನಾಲ್ಕು ಕಡೆ ದರಪಟ್ಟಿ ಕೇಳುವ ಉದ್ಯಮಿ, ಮಕ್ಕಳ ಪದವಿಗೆ ಹಣ ಕಟ್ಟುವಾಗ ಕಾಲೇಜಿನ ಪ್ರಾಸ್ಪೆಕ್ಟಸ್ ಒಂದನ್ನೇ ನಂಬುವುದುಂಟು. ಕೋವಿಡ್ ನಂತರ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದ ವ್ಯಾಪಾರಿ ಕುಟುಂಬಗಳಲ್ಲಿ ‘ಸಾರ್ವಜನಿಕ ಆರೋಗ್ಯ’ ಎಂಬ ಹೆಸರು ಕಿವಿಗೆ ಬೀಳತೊಡಗಿದೆ. ಮೂರು ವರ್ಷಗಳ ಈ ಸ್ನಾತಕ ಪದವಿಯನ್ನೂ ಬಂಡವಾಳ ಹೂಡಿಕೆಯೆಂದೇ ಭಾವಿಸಿ ಪರಿಶೀಲಿಸುವುದು ಉಚಿತ.

ವಿಷಯದ ಅಗತ್ಯದ ಬಗ್ಗೆ ಈ ಜಿಲ್ಲೆಯಲ್ಲಿ ಯಾರಿಗೂ ಸಂದೇಹವಿರಲಾರದು. 1982–83ರಲ್ಲಿ ಬೆಳ್ತಂಗಡಿ ತಾಲೂಕಿನ ಕಾಡಂಚಿನ ಹಳ್ಳಿಗಳನ್ನು ಮಂಗನ ಕಾಯಿಲೆ ಕಾಡಿತ್ತು. ಕೊಕ್ಕಡ ಪರಿಸರದ ಎಂಡೋಸಲ್ಫಾನ್ ಸಂತ್ರಸ್ತರ ಕಥೆ ಎಲ್ಲರಿಗೂ ತಿಳಿದಿದೆ. ಆದರೆ ಸಮಾಜಕ್ಕೆ ಅಗತ್ಯವಿರುವ ವಿದ್ಯೆಗೆಲ್ಲ ಮಾರುಕಟ್ಟೆ ಬೆಲೆ ಕಟ್ಟುತ್ತದೆಂಬ ಭರವಸೆಯಿಲ್ಲ.

ಇದಕ್ಕೆ ಕಾರಣ ಭಾರತದಲ್ಲಿ ಈ ವಿದ್ಯೆ ಬೆಳೆದುಬಂದ ಕ್ರಮದಲ್ಲಿದೆ. ಕೋಲ್ಕತ್ತದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ 1932ರಲ್ಲಿ ಆರಂಭವಾದದ್ದು. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ 1997ರಲ್ಲಿ ಎಂಪಿಎಚ್ ತರಗತಿ ತೆರೆಯಿತು. ಎರಡೂ ಮುಖ್ಯವಾಗಿ ಮೊದಲೇ ಒಂದು ಪದವಿ ಪಡೆದವರಿಗಾಗಿ. ಆಸ್ಟ್ರೇಲಿಯ, ಅಮೆರಿಕಗಳಲ್ಲಿ ಸ್ನಾತಕ ಮಟ್ಟದಲ್ಲಿಯೂ ಈ ವ್ಯಾಸಂಗ ಸಾಮಾನ್ಯವಾದರೆ, ಇಲ್ಲಿ ಇದು ಇಂದಿಗೂ ಪ್ರಧಾನವಾಗಿ ಸ್ನಾತಕೋತ್ತರ ವಿಷಯ. ಸರಕಾರಿ ಹುದ್ದೆಗಳ ನೇಮಕಾತಿ ನಿಯಮಗಳಲ್ಲಿಯೂ ಇದರ ನೆರಳು ಕಾಣುತ್ತದೆ.

ಉದಾಹರಣೆಗೆ, 2018ರ ಆಯುಷ್ಮಾನ್ ಭಾರತ ಯೋಜನೆಯಿಂದ ಉಪಕೇಂದ್ರಗಳಿಗೆ ಬಂದ ಸಮುದಾಯ ಆರೋಗ್ಯ ಅಧಿಕಾರಿಯ ಹುದ್ದೆ. ಹೆಸರು ಕೇಳಿದರೆ ಸಾರ್ವಜನಿಕ ಆರೋಗ್ಯ ಪದವೀಧರರಿಗೆಂದೇ ಹೊಲಿಸಿದ ಅಂಗಿಯಂತಿದೆ. ಆದರೆ ಅದಕ್ಕೆ ಮುಖ್ಯವಾಗಿ ಆಯ್ಕೆಯಾಗುವವರು ನರ್ಸಿಂಗ್ ಓದಿದವರು. ಗೋಡಂಬಿ ಕಾರ್ಖಾನೆ, ಅಕ್ಕಿ ಗಿರಣಿಗಳ ಮಾಲೀಕರಿಗೆ ಚಿರಪರಿಚಿತರಾದ ಆಹಾರ ಸುರಕ್ಷತಾ ಅಧಿಕಾರಿಯ ಹುದ್ದೆಯನ್ನು ನೋಡಿದರೂ ಅಷ್ಟೆ. 2011ರ ನಿಯಮಗಳು ಹೆಸರಿಸುವುದು ಆಹಾರ ತಂತ್ರಜ್ಞಾನ, ಹೈನು ತಂತ್ರಜ್ಞಾನ, ಜೈವಿಕ ತಂತ್ರಜ್ಞಾನ, ಕೃಷಿ ಮತ್ತು ಪಶುವೈದ್ಯ ವಿಜ್ಞಾನ, ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ವೈದ್ಯಕೀಯ ಮುಂತಾದ ಪದವಿಗಳನ್ನು. ಆ ಪಟ್ಟಿಯಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕ ಪದವಿಯ ಹೆಸರಿಲ್ಲ. ಸ್ವಯಂಸೇವಾ ಸಂಸ್ಥೆಗಳ ಯೋಜನೆಗಳು, ಆಸ್ಪತ್ರೆಗಳ ಗುಣಮಟ್ಟ ವಿಭಾಗ, ವಿಮಾ ಕಂಪೆನಿಗಳ ಕಚೇರಿ ಇತ್ಯಾದಿ ಖಾಸಗಿ ದಾರಿಗಳೇನೋ ಇವೆ. ಆದರೆ ಅಲ್ಲಿ ಆರಂಭಿಕ ಸಂಬಳ ಇತರ ಪದವೀಧರರಿಗಿಂತ ಬಹಳ ಮೇಲಿರುತ್ತದೆಂದು ನಂಬಲು ಕಾರಣವಿಲ್ಲ.

ಇನ್ನು ಲೆಕ್ಕ. ಕೆಳಗಿನ ಅಂಕಿಗಳು ಕೇವಲ ಉದಾಹರಣೆಗೆ. ಓದುಗರು ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬಹುದು. ವರ್ಷಕ್ಕೆ 80,000 ರೂ.ನಂತೆ ಮೂರು ವರ್ಷದ ಶುಲ್ಕ 2.40 ಲಕ್ಷ, ವರ್ಷಕ್ಕೆ ಹತ್ತು ತಿಂಗಳಂತೆ ಹಾಸ್ಟೆಲ್ ಮತ್ತು ಊಟಕ್ಕೆ 2.10 ಲಕ್ಷ, ಪುಸ್ತಕ-ಪ್ರಯಾಣಕ್ಕೆ 50,000. ಒಟ್ಟು 5 ಲಕ್ಷ. ಹೆಚ್ಚಿನ ಪೋಷಕರ ಲೆಕ್ಕ ಇಲ್ಲಿಗೇ ಮುಗಿಯುತ್ತದೆ. ಪಿಯುಸಿ ಮುಗಿಸಿ ತಿಂಗಳಿಗೆ 12,000 ರೂ. ದುಡಿಯಬಹುದಾಗಿದ್ದ ಯುವಕ ಮೂರು ವರ್ಷದಲ್ಲಿ ಬಿಟ್ಟುಕೊಟ್ಟ ಸಂಪಾದನೆ 4.32 ಲಕ್ಷ. ಅದನ್ನೂ ಸೇರಿಸಿದರೆ ಹೂಡಿಕೆ 9.32 ಲಕ್ಷವಾಗುತ್ತದೆ. ಪದವಿಯ ನಂತರ ಸಂಬಳ 18,000. ಓದದೆ ದುಡಿಮೆಗೆ ನಿಂತವನಿಗೆ ಆ ಹೊತ್ತಿಗೆ 15,000. ವ್ಯತ್ಯಾಸ ವರ್ಷಕ್ಕೆ 36,000 ರೂ. ಮಾತ್ರ. ಹಾಕಿದ ಹಣ ಮರಳಲು, ಬಡ್ಡಿಯನ್ನು ಬಿಟ್ಟರೂ, ಸುಮಾರು 26 ವರ್ಷ ಬೇಕು. ಈ ಲೆಕ್ಕ ತೋರಿಸಿ ಯಂತ್ರಕ್ಕೆ ಸಾಲ ಕೇಳಿದರೆ ಯಾವ ಬ್ಯಾಂಕೂ ಕೊಡಲಾರದು.

ಎಂಪಿಎಚ್ ಸೇರಿಸಿದಾಗ ಚಿತ್ರ ಬದಲಾಗುತ್ತದೆ. ಎರಡು ವರ್ಷದ ಶುಲ್ಕ 3 ಲಕ್ಷ, ವಾಸ-ಊಟ 1.40 ಲಕ್ಷ, ಕಳೆದುಕೊಂಡ ಸಂಪಾದನೆ 3.60 ಲಕ್ಷ ಸೇರಿ ಒಟ್ಟು ಹೂಡಿಕೆ 17.32 ಲಕ್ಷಕ್ಕೇರುತ್ತದೆ. ಸಂಬಳ 35,000 ದೊರೆತು, ಓದದವನಿಗೆ 17,000 ಎಂದಿಟ್ಟುಕೊಂಡರೆ ವಾರ್ಷಿಕ ವ್ಯತ್ಯಾಸ 2.16 ಲಕ್ಷ, ಎಂಟು ವರ್ಷದಲ್ಲಿ ಹಣ ಮರಳುತ್ತದೆ. ಆದರೆ ಎಂಪಿಎಚ್‌ಗೆ ಹಲವು ವಿಶ್ವವಿದ್ಯಾನಿಲಯಗಳು ನರ್ಸಿಂಗ್, ವಿಜ್ಞಾನ, ಸಮಾಜಕಾರ್ಯ ಓದಿದವರನ್ನೂ ಸೇರಿಸಿಕೊಳ್ಳುತ್ತವೆ. ಹಾಗಿದ್ದಲ್ಲಿ ದುಬಾರಿ ಸ್ನಾತಕ ಪದವಿ ಏತಕ್ಕೆ? ಉಜಿರೆ ಅಥವಾ ಮೂಡುಬಿದಿರೆಯ ಕಾಲೇಜಿಗೆ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಒಂದೂವರೆ ಲಕ್ಷದಲ್ಲಿ ಬಿಎಸ್‌ಸಿ ಮುಗಿಸಿ, ಬಳಿಕ ಮಣಿಪಾಲದಲ್ಲಿಯೋ ದೇರಳಕಟ್ಟೆಯಲ್ಲಿಯೋ ಎಂಪಿಎಚ್ ಮಾಡಿದರೆ ಹೂಡಿಕೆ 13.82 ಲಕ್ಷಕ್ಕೆ ಇಳಿದು, ಸುಮಾರು ಆರೂವರೆ ವರ್ಷದಲ್ಲಿ ಮರಳುತ್ತದೆ. ನರ್ಸಿಂಗ್‌ಗೆ ನಾಲ್ಕು ವರ್ಷ ಹಿಡಿದರೂ ಕೌನ್ಸಿಲ್ ನೋಂದಣಿಯೆಂಬ ಭದ್ರತೆ ಕೈಯಲ್ಲಿರುತ್ತದೆ. ಮಗನೋ ಮಗಳೋ ಮನೆಯ ಆಹಾರ ಘಟಕಕ್ಕೇ ಮರಳುವುದು ಖಚಿತವಾದರೆ ಆಹಾರ ತಂತ್ರಜ್ಞಾನದ ಪದವಿಯೇ ಹೆಚ್ಚು ಉಪಯುಕ್ತ.

ಸಾಲದ ವಿಷಯದಲ್ಲಿ ಎಚ್ಚರ ಅಗತ್ಯ. 4 ಲಕ್ಷ ರೂ. ಶಿಕ್ಷಣ ಸಾಲವನ್ನು ಶೇ. 10ರಂತೆ ಮೂರು ಸಮಕಂತುಗಳಲ್ಲಿ ಪಡೆದರೆ, ಓದಿನ ಅವಧಿ ಮತ್ತು ನಂತರದ ಒಂದು ವರ್ಷದ ಸರಳ ಬಡ್ಡಿ 1.20 ಲಕ್ಷವಾಗುತ್ತದೆ. ಅದು ಅಸಲಿಗೆ ಸೇರಿದರೆ ಹತ್ತು ವರ್ಷದ ಮಾಸಿಕ ಕಂತು ಸುಮಾರು 6,870 ರೂ.; 18,000 ಸಂಬಳದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಓದುವಾಗಲೇ ಪೋಷಕರು ಬಡ್ಡಿ ಕಟ್ಟುತ್ತ ಬಂದರೆ ಕಂತು 5,290ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಕೆಲವರು ವ್ಯಾಪಾರದ ಓವರ್‌ಡ್ರಾಫ್ಟ್‌ನಿಂದಲೇ ಶುಲ್ಕ ಕಟ್ಟಿಬಿಡುತ್ತಾರೆ. ಅದು ಮಾಲೀಕರ ಸ್ವಂತ ಖರ್ಚು. ಆ ಮೊತ್ತದ ಮೇಲಿನ ಬಡ್ಡಿಯನ್ನು ವ್ಯಾಪಾರದ ವೆಚ್ಚವೆಂದು ತೋರಿಸಿದರೆ ತೆರಿಗೆ ಅಧಿಕಾರಿ ಒಪ್ಪುವುದಿಲ್ಲ. 1961ರ ಆದಾಯ ತೆರಿಗೆ ಕಾಯಿದೆಯಲ್ಲಿ 80ಇ ಎಂದು ಪರಿಚಿತವಾದ ಬಡ್ಡಿ ವಿನಾಯಿತಿಯೂ ಅದಕ್ಕೆ ಸಲ್ಲದು, ಏಕೆಂದರೆ ಅದು ಶಿಕ್ಷಣಕ್ಕೆಂದೇ ಪಡೆದ ಸಾಲಕ್ಕೆ ಮೀಸಲು. ಮಕ್ಕಳ ಓದಿಗಾಗಿ ತಂದೆ-ತಾಯಿ ಸ್ವತಃ ಶಿಕ್ಷಣ ಸಾಲ ಪಡೆದು ಮರುಪಾವತಿಸಿದರೆ ಈ ವಿನಾಯಿತಿ ಅವರ ಆದಾಯಕ್ಕೇ ದೊರೆಯುತ್ತದೆ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಮಾತ್ರ ಇದು ಲಭ್ಯವಿಲ್ಲ.