ಬ್ಯಾಟರಿ ಸೋತರೆ ಫೈಲ್ ಕೆಡುವುದೇಕೆ?

ಹೆಲ್ಮೆಟ್ಟಿಗೋ ಸೈಕಲ್ಲಿನ ಹ್ಯಾಂಡಲ್ಲಿಗೋ ಟ್ರ್ಯಾಕ್ಟರಿನ ಬಾನೆಟ್ಟಿಗೋ ಸಿಕ್ಕಿಸಿ, ಕೈಯಲ್ಲಿ ಹಿಡಿಯದೆಯೇ ಓಟವನ್ನು ಚಿತ್ರೀಕರಿಸಲು ನೆರವಾಗುವ, ಮುಷ್ಟಿಯಲ್ಲಿ ಅಡಗುವಷ್ಟು ಪುಟ್ಟ ವಿಡಿಯೊ ಕ್ಯಾಮೆರಾವನ್ನು ಆ್ಯಕ್ಷನ್ ಕ್ಯಾಮೆರಾ ಎನ್ನುತ್ತಾರೆ. ಸೈಕ್ಲಿಂಗ್‌ಗೆ ಹೆಸರಾದ ವಿಜಯಪುರ ಜಿಲ್ಲೆಯಲ್ಲಿ, ಅದರಲ್ಲೂ ಸಾರವಾಡ, ಬಬಲೇಶ್ವರ, ತಿಕೋಟಾ ಸುತ್ತಿನ ಬಯಲಿನಲ್ಲಿ, ಇಂಥ ಕ್ಯಾಮೆರಾಕ್ಕೆ ಕೆಲಸದ ಕೊರತೆಯಿಲ್ಲ. ಕಾರಹುಣ್ಣಿಮೆಯಂದು ಕರಿ ಹರಿಯುವ ಎತ್ತುಗಳ ಓಟ, ತೆರಬಂಡಿ ಸ್ಪರ್ಧೆ, ಮಳೆಗಾಲದಲ್ಲಿ ದಂಡೆ ಮೀರುವ ಡೋಣಿ ನದಿ ಎಲ್ಲವೂ ಅದರ ವಸ್ತುಗಳೇ. ಅದನ್ನು ಬಳಸುವವರ ದೂರುಗಳು ಮುಖ್ಯವಾಗಿ ಎರಡು: ಬ್ಯಾಟರಿ ಬೇಗ ಇಳಿಯುತ್ತದೆ ಎಂಬುದು ಒಂದು, ಚಿತ್ರೀಕರಿಸಿದ ಫೈಲ್ ತೆರೆಯುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೊಸ ಬ್ಯಾಟರಿ ಕೊಳ್ಳುವುದು, ಎರಡನೆಯದಕ್ಕೆ ಕಂಪ್ಯೂಟರ್ ಅಂಗಡಿಗೆ ಹೋಗುವುದು ರೂಢಿಯಾಗಿದ್ದರೂ, ಎರಡನೆಯ ತೊಂದರೆ ಅನೇಕ ಸಲ ಮೊದಲನೆಯದರ ಹೊಟ್ಟೆಯಲ್ಲೇ ಹುಟ್ಟುತ್ತದೆ ಎಂಬುದನ್ನು ಗಮನಿಸುವವರು ಕಡಿಮೆ.

ಈ ಬಗೆಯ ಕ್ಯಾಮೆರಾವನ್ನು ಮನೆಮಾತಾಗಿಸಿದ ಗೋಪ್ರೊ ಸಂಸ್ಥೆಯನ್ನು ನಿಕ್ ವುಡ್‌ಮನ್ 2002ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದರು; 2004ರಲ್ಲಿ ಬಂದ ಅದರ ಮೊದಲ ಕ್ಯಾಮೆರಾ ಸಮುದ್ರದ ಅಲೆಗಳ ಮೇಲೆ ಹಲಗೆಯಾಡುವವರು ಮಣಿಕಟ್ಟಿಗೆ ಕಟ್ಟಿಕೊಳ್ಳುವ, 35 ಮಿಲಿಮೀಟರ್ ಫಿಲ್ಮಿನ ಸಾದಾ ಕ್ಯಾಮೆರಾ ಆಗಿತ್ತು. ತಣ್ಣೀರಿನ ಅಲೆಗಳಿಗೂ ಹಿಮದ ಇಳಿಜಾರುಗಳಿಗೂ ಹೊಂದಿಸಿ ಬೆಳೆದ ಉಪಕರಣ ಇದಾದ್ದರಿಂದ, ಬ್ಯಾಟರಿಯ ಕುರಿತು ಸಿಗುವ ಸಲಹೆಗಳಲ್ಲಿ ಚಳಿಯ ಎಚ್ಚರಿಕೆಯೇ ದೊಡ್ಡದಾಗಿ ಕಾಣುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ವಿಜಯಪುರದ ಬಯಲಿಗೆ ಆ ಸಲಹೆ ಅರ್ಧದಷ್ಟೂ ಒದಗುವುದಿಲ್ಲ.

ಈ ಕ್ಯಾಮೆರಾಗಳಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. 1991ರಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದ, 2019ರ ರಸಾಯನಶಾಸ್ತ್ರದ ನೊಬೆಲ್ ಪುರಸ್ಕಾರಕ್ಕೆ ಕಾರಣವಾದ ಈ ಬ್ಯಾಟರಿಯಲ್ಲಿ, ಲಿಥಿಯಂನ ವಿದ್ಯುದಂಶವುಳ್ಳ ಕಣಗಳು ವಿದ್ಯುದ್ವಿಚ್ಛೇದ್ಯ ಎಂಬ ದ್ರವದ ಮೂಲಕ ಒಂದು ಧ್ರುವದಿಂದ ಇನ್ನೊಂದಕ್ಕೆ ಚಲಿಸುವುದರಿಂದ ವಿದ್ಯುತ್ತು ದೊರೆಯುತ್ತದೆ. 2020ರ ಗೋಪ್ರೊ ಹೀರೊ 9 ಮಾದರಿಯ ಬ್ಯಾಟರಿಯ ಸಾಮರ್ಥ್ಯ 1,720 ಮಿಲಿಆ್ಯಂಪಿಯರ್-ಗಂಟೆ. ಅದರ ವೋಲ್ಟೇಜಿನೊಂದಿಗೆ ಗುಣಿಸಿದರೆ ಸುಮಾರು ಆರೂವರೆ ವ್ಯಾಟ್-ಗಂಟೆಯಷ್ಟು ಶಕ್ತಿಯಾಗುತ್ತದೆ. ಕ್ಯಾಮೆರಾ ಐದು ವ್ಯಾಟ್ ಎಳೆಯುತ್ತಿದ್ದರೆ ಅಷ್ಟು ಶಕ್ತಿ ಸುಮಾರು ಒಂದೂಕಾಲು ಗಂಟೆಗೆ ಮುಗಿಯಲೇಬೇಕು. ಇದು ದೋಷವಲ್ಲ, ಬರೀ ಭಾಗಾಕಾರ. ವೈ-ಫೈ, ಜಿಪಿಎಸ್, ಹಿಂಬದಿಯ ಪರದೆ, ಕುಲುಕಾಟವನ್ನು ಸರಿಪಡಿಸುವ ಸ್ಥಿರೀಕರಣ, 4ಕೆ ಗಾತ್ರದ ಚಿತ್ರ, ಸೆಕೆಂಡಿಗೆ 60 ಅಥವಾ ಅದಕ್ಕಿಂತ ಹೆಚ್ಚು ಚೌಕಟ್ಟುಗಳು ಇವೆಲ್ಲ ಶಕ್ತಿಯನ್ನು ಬೇಡುವುದರಿಂದ, ಮೊಬೈಲಿನಲ್ಲಿ ನೋಡುವುದಕ್ಕಷ್ಟೇ ಬೇಕಾದ ವಿಡಿಯೊಗೆ ಅತಿ ದೊಡ್ಡ ಅಳತೆಯನ್ನು ಆರಿಸುವುದು ಬ್ಯಾಟರಿಯನ್ನು ಸುಮ್ಮನೆ ಸುಡುವುದೇ ಸರಿ.

ಚಳಿಯಲ್ಲಿ ವಿದ್ಯುದ್ವಿಚ್ಛೇದ್ಯ ಮಂದಗೊಂಡು ಬ್ಯಾಟರಿ ಸೋಲುತ್ತದೆಯಾದರೂ, ಬೆಚ್ಚಗಾದ ಕೂಡಲೇ ಬಹುಮಟ್ಟಿಗೆ ಮೊದಲಿನ ಶಕ್ತಿಗೆ ಮರಳುತ್ತದೆ. ಶಾಖದ ಹಾನಿ ಹಾಗಲ್ಲ. ಬ್ಯಾಟರಿ ಬಿಸಿಯಾದಾಗ ಧ್ರುವಗಳಿಗೂ ದ್ರವಕ್ಕೂ ನಡುವೆ ಬೇಡದ ರಾಸಾಯನಿಕ ಕ್ರಿಯೆಗಳು ಚುರುಕಾಗಿ, ಧ್ರುವದ ಮೇಲಿನ ತೆಳುಪದರ ದಪ್ಪವಾಗುತ್ತ, ಒಳಗಿನ ಪ್ರತಿರೋಧ ಹೆಚ್ಚುತ್ತ ಹೋಗುತ್ತದೆ. ಒಮ್ಮೆ ಹೀಗೆ ಕಳೆದುಹೋದ ಸಾಮರ್ಥ್ಯ ಮತ್ತೆ ಬರುವುದಿಲ್ಲ. ಅನಿಲ ಹುಟ್ಟಿ ಬ್ಯಾಟರಿ ಉಬ್ಬುವುದೂ ಉಂಟು. ಉಬ್ಬಿದ ಬ್ಯಾಟರಿಯನ್ನು ಒತ್ತಿ ಕೂರಿಸುವುದು, ಚುಚ್ಚುವುದು, ಮತ್ತೆ ಚಾರ್ಜ್ ಮಾಡುವುದು ಬೆಂಕಿಯೊಡನೆ ಆಡಿದಂತೆಯೇ ಆದ್ದರಿಂದ ಅದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಏಪ್ರಿಲ್-ಮೇ ಬಿಸಿಲಿನಲ್ಲಿ ಬೈಕಿನ ಪೆಟ್ಟಿಗೆಯಲ್ಲೋ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೋ ಪೂರ್ತಿ ಚಾರ್ಜ್ ಆದ ಬ್ಯಾಟರಿಯನ್ನು ಬಿಟ್ಟುಹೋಗುವುದು ಅದರ ಆಯುಷ್ಯವನ್ನು ಕಡಿಯುವ ಅತಿ ಸುಲಭದ ದಾರಿ. ತಿಂಗಳುಗಟ್ಟಲೆ ಬಳಸುವುದಿಲ್ಲವೆಂದಾದರೆ ಅರ್ಧದಷ್ಟು ಚಾರ್ಜ್ ಉಳಿಸಿ ತಂಪಾದ ಜಾಗದಲ್ಲಿ ಇಡುವುದು, ಸುತ್ತಾಟದಿಂದ ಬಂದ ಕೂಡಲೇ ಚಾರ್ಜಿಗೆ ಹಾಕದೆ ಆರಲು ಬಿಡುವುದು ಒಳ್ಳೆಯದು.

ಓಡುವ ಸೈಕಲ್ಲಿನ ಮೇಲೆ ಗಾಳಿಯೇ ಕ್ಯಾಮೆರಾವನ್ನು ತಣಿಸುವುದರಿಂದ ಅಲ್ಲಿ ತೊಂದರೆ ಕಡಿಮೆ. ತೆರಬಂಡಿಯ ಬಯಲಿನಲ್ಲಿ ಕಂಬಕ್ಕೆ ಕಟ್ಟಿ ನಿಲ್ಲಿಸಿದ ಅದೇ ಕ್ಯಾಮೆರಾ, ಮೇಲೆ ಬಿಸಿಲು, ಒಳಗೆ ತನ್ನದೇ ಚಿಪ್‌ನ ಕಾವು ಸೇರಿ, ಶಾಖದ ಮಿತಿ ದಾಟಿದ ಕೂಡಲೇ ತಾನಾಗಿಯೇ ನಿಂತುಬಿಡುತ್ತದೆ. ಓಟಕ್ಕಾಗಿ ಹುಟ್ಟಿದ ಉಪಕರಣ ನಿಂತಲ್ಲಿ ಸೋಲುವುದು ವಿಚಿತ್ರವಾದರೂ ನಿಜ. ನೆರಳು ಮಾಡುವುದು, ಚೌಕಟ್ಟುಗಳ ಸಂಖ್ಯೆ ಇಳಿಸುವುದು, ಒಂದೇ ಉಸಿರಿಗೆ ಗಂಟೆಗಟ್ಟಲೆ ಚಿತ್ರೀಕರಿಸದೆ ನಡುನಡುವೆ ನಿಲ್ಲಿಸುವುದು ಇದಕ್ಕೆ ಉಪಾಯ.

ಶಾಖದ ಏಟು ತಿಂದ ಹಳೆಯ ಬ್ಯಾಟರಿಯ ಗುಣವೊಂದು ಇಲ್ಲಿ ಮುಖ್ಯವಾಗುತ್ತದೆ. ಒಳಗಿನ ಪ್ರತಿರೋಧ ಹೆಚ್ಚಿರುವುದರಿಂದ, ಕ್ಯಾಮೆರಾ ಹೆಚ್ಚು ವಿದ್ಯುತ್ತನ್ನು ಎಳೆದ ಗಳಿಗೆಯಲ್ಲಿ ಅದರ ವೋಲ್ಟೇಜು ದಿಢೀರನೆ ಕುಸಿದು, ಪರದೆಯಲ್ಲಿ ಇನ್ನೂ ಚಾರ್ಜ್ ಉಳಿದಿರುವಂತೆ ತೋರುತ್ತಿದ್ದರೂ ಕ್ಯಾಮೆರಾ ಆರಿಹೋಗಬಹುದು. ಒಳ್ಳೆಯ ಬ್ಯಾಟರಿ ಮೆಲ್ಲನೆ ಇಳಿಯುವಾಗ ಕ್ಯಾಮೆರಾ ಅದನ್ನು ಅರಿತು ಫೈಲನ್ನು ಕ್ರಮವಾಗಿ ಮುಚ್ಚಿ ಮಲಗುತ್ತದೆ. ದಿಢೀರನೆ ಸತ್ತರೆ ಮುಚ್ಚಲು ಸಮಯವೇ ಸಿಗುವುದಿಲ್ಲ. ಗುಂಡಿಬಿದ್ದ ರಸ್ತೆಯಲ್ಲಿ ಬ್ಯಾಟರಿ ಜಗ್ಗಿ ಸಂಪರ್ಕ ತಪ್ಪಿದರೂ, ಚಿತ್ರೀಕರಣ ನಡೆಯುತ್ತಿರುವಾಗಲೇ ಬಾಗಿಲು ತೆಗೆದು ಬ್ಯಾಟರಿ ಎಳೆದರೂ ಆಗುವುದು ಇದೇ.

ಮುಚ್ಚುವುದು ಎಂದರೇನು ಎಂಬುದಕ್ಕೆ ಎಂಪಿ4 ಫೈಲಿನ ರಚನೆಯನ್ನು ನೋಡಬೇಕು. ಅದರಲ್ಲಿ ಎರಡು ಮುಖ್ಯ ಭಾಗಗಳಿರುತ್ತವೆ: ಚಿತ್ರ ಮತ್ತು ಧ್ವನಿಯ ಮಾಹಿತಿ ಸಾಲಾಗಿ ಬಂದು ಬೀಳುವ ದೊಡ್ಡ ಭಾಗ ಒಂದು, ಯಾವ ಚೌಕಟ್ಟು ಎಲ್ಲಿದೆ, ಎಷ್ಟು ಉದ್ದವಿದೆ, ಯಾವ ಕ್ಷಣದ್ದು ಎಂದು ತಿಳಿಸುವ ಸಣ್ಣ ಸೂಚಿ ಇನ್ನೊಂದು. ಚಿತ್ರೀಕರಣ ಮುಗಿಯುವವರೆಗೆ ಸೂಚಿ ಪೂರ್ಣವಾಗಲಾರದ್ದರಿಂದ ಸಾಮಾನ್ಯವಾಗಿ ಅದನ್ನು ಕೊನೆಗೆ ಬರೆಯಲಾಗುತ್ತದೆ. ಅದನ್ನು ಬರೆಯುವ ಮೊದಲೇ ವಿದ್ಯುತ್ತು ತಪ್ಪಿದರೆ, ತಿಕೋಟಾ ಕಡೆಯ ಒಣದ್ರಾಕ್ಷಿಯ ಶೀತಲಗೃಹದಲ್ಲಿ ಸಾವಿರಾರು ಬಾಕ್ಸುಗಳು ಹಾಗೆಯೇ ಇದ್ದು ಯಾವುದು ಯಾರದೆಂಬ ರಿಜಿಸ್ಟರು ಮಾತ್ರ ಕಳೆದುಹೋದಂಥ ಸ್ಥಿತಿ ಉಂಟಾಗುತ್ತದೆ: ಮಾಲು ಇದೆ, ಆದರೆ ಪ್ಲೇಯರ್ ಅದನ್ನು ಗುರುತಿಸಲಾರದೆ ಫೈಲ್ ಕೆಟ್ಟಿದೆ ಎನ್ನುತ್ತದೆ.

ಒಂದೇ ಚಿತ್ರೀಕರಣ ಹಲವು ಫೈಲುಗಳಾಗಿ ತುಂಡಾಗಿರುವುದನ್ನು ಕೆಲವರು ಕೆಡುಕೆಂದೇ ತಿಳಿಯುತ್ತಾರೆ. 32 ಜಿಬಿವರೆಗಿನ ಮೆಮೊರಿ ಕಾರ್ಡುಗಳಲ್ಲಿ ಬಳಸುವ ಫ್ಯಾಟ್32 ಎಂಬ ಸಂಗ್ರಹ ಪದ್ಧತಿಯಲ್ಲಿ ಒಂದು ಫೈಲ್ 4 ಜಿಬಿಯನ್ನು ಮೀರುವಂತಿಲ್ಲ. ಸೆಕೆಂಡಿಗೆ 60 ಮೆಗಾಬಿಟ್ ದರದಲ್ಲಿ ಅದು ಒಂಬತ್ತೂವರೆ ನಿಮಿಷಕ್ಕೇ ತುಂಬುತ್ತದೆ. ದೊಡ್ಡ ಕಾರ್ಡುಗಳ ಎಕ್ಸ್‌ಫ್ಯಾಟ್ ಪದ್ಧತಿಗೆ ಆ ಮಿತಿ ಇಲ್ಲದಿದ್ದರೂ ಕ್ಯಾಮೆರಾಗಳು ತುಂಡು ಮಾಡುವುದನ್ನು ಬಿಟ್ಟಿಲ್ಲ. ಕೆಟ್ಟರೆ ಕೊನೆಯ ತುಂಡು ಮಾತ್ರ ಕೆಡುವುದರಿಂದ ಇದು ಬಳಕೆದಾರರಿಗೆ ಲಾಭವೇ. ಗೋಪ್ರೊದಲ್ಲಿ ಜಿಎಕ್ಸ್010045, ಜಿಎಕ್ಸ್020045 ಎಂದು ಬಂದರೆ ಕೊನೆಯ ನಾಲ್ಕು ಅಂಕಿ ಒಂದೇ ಚಿತ್ರೀಕರಣವನ್ನೂ ಮೊದಲ ಎರಡು ಅಂಕಿ ಅದರ ಭಾಗವನ್ನೂ ಸೂಚಿಸುತ್ತವೆ. ಧ್ವನಿ ಮಾತ್ರ ಕೇಳಿ ಚಿತ್ರ ಕಪ್ಪಾಗಿದ್ದರೆ ಬಹಳ ಸಲ ಫೈಲ್ ಕೆಟ್ಟಿರುವುದಿಲ್ಲ. 2013ರಲ್ಲಿ ಬಂದ ಎಚ್.265 ಎಂಬ ಸಂಕುಚನ ವಿಧಾನ ಹಳೆಯ ಕಂಪ್ಯೂಟರಿಗೆ ತಿಳಿಯದಿರುತ್ತದೆ, ಅಷ್ಟೇ.

ಫೈಲ್ ಕೆಡುವುದರಲ್ಲಿ ಕಾರ್ಡಿನ ಪಾಲೂ ಇದೆ. ವಿ30 ಗುರುತು ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುವ ವೇಗದ ಭರವಸೆಯಾಗಿದ್ದು, ಅದಿಲ್ಲದ ನಿಧಾನದ ಕಾರ್ಡಿನಲ್ಲಿ ಚಿತ್ರೀಕರಣ ನಡುವೆಯೇ ನಿಲ್ಲಬಹುದು. ನಕಲಿ ಕಾರ್ಡು ಇನ್ನೂ ಅಪಾಯಕಾರಿ. ನಿಜದಲ್ಲಿ ಇರುವುದಕ್ಕಿಂತ ಹೆಚ್ಚು ಸಾಮರ್ಥ್ಯವನ್ನು ತೋರಿಸುತ್ತ, ಜಾಗ ಮುಗಿದ ಮೇಲೆ ಬಂದದ್ದನ್ನೆಲ್ಲ ಹಾಳುಮಾಡುತ್ತದೆ. ಎರೆಮಣ್ಣಿನ ನುಣುಪು ಧೂಳು ಕಾರ್ಡಿನ ಕಿಂಡಿಗೂ ಬಾಗಿಲಿನ ರಬ್ಬರಿಗೂ ಸೇರುವುದರಿಂದ, ಹೊಲದ ಬದುವಿನಲ್ಲಿ ನಿಂತು ಕಾರ್ಡು ಬದಲಿಸದಿರುವುದು ಲೇಸು.

ಫೈಲ್ ತೆರೆಯದಿದ್ದಾಗ ಮೊದಲು ಮಾಡಬೇಕಾದದ್ದು ಆ ಕಾರ್ಡಿನಲ್ಲಿ ಮುಂದೆ ಏನನ್ನೂ ಬರೆಯದಿರುವುದು, ಫಾರ್ಮ್ಯಾಟ್ ಮಾಡದಿರುವುದು. ತುಂಬಿದ ಬ್ಯಾಟರಿಯೊಂದಿಗೆ ಕಾರ್ಡನ್ನು ಅದೇ ಕ್ಯಾಮೆರಾಕ್ಕೆ ಮರಳಿ ಹಾಕಿದರೆ, ಹಲವು ಮಾದರಿಗಳು ಅಪೂರ್ಣ ಫೈಲನ್ನು ತಾವೇ ಗುರುತಿಸಿ ದುರಸ್ತಿಗೆ ಯತ್ನಿಸುತ್ತವೆ. ಅದು ಫಲಿಸದಿದ್ದರೆ ಅನ್‌ಟ್ರಂಕ್ ಎಂಬ ಮುಕ್ತ ತಂತ್ರಾಂಶವಿದೆ. ಅದೇ ಕ್ಯಾಮೆರಾದಲ್ಲಿ ಅದೇ ಅಳತೆಯಲ್ಲಿ ತೆಗೆದ ಸರಿಯಾದ ಫೈಲೊಂದನ್ನು ಮಾದರಿಯಾಗಿ ಕೊಟ್ಟರೆ ಅದು ಕೆಟ್ಟ ಫೈಲಿನ ಸೂಚಿಯನ್ನು ಹೊಸದಾಗಿ ಕಟ್ಟಲು ನೋಡುತ್ತದೆ. ಈ ಕಾರಣಕ್ಕಾಗಿ ಅರ್ಧ ನಿಮಿಷದ ಒಳ್ಳೆಯ ಫೈಲೊಂದನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಂಡಿರುವುದು ಉಪಯುಕ್ತ. ಆದರೆ ಬ್ಯಾಟರಿ ಸತ್ತ ಕ್ಷಣದಲ್ಲಿ ಕ್ಯಾಮೆರಾದ ತಾತ್ಕಾಲಿಕ ಸ್ಮೃತಿಯಲ್ಲೇ ಉಳಿದು ಕಾರ್ಡಿಗೆ ಇಳಿಯದ ಕೊನೆಯ ಕೆಲವು ಸೆಕೆಂಡುಗಳನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ತರುತ್ತೇವೆಂದು ಹೇಳುವ ಅಂಗಡಿಗೆ ಮುಂಗಡ ಕೊಡಬೇಕಾಗಿಲ್ಲ.